ತೆರೆಯ ಆಚೆಯ ಹೆಬ್ಬೆರಳು

"ಉಸಿರು ಬಿಗಿ ಹಿಡ್ಕೊಂಡು ನೋಡಿ," ಎಂದರು ಸ್ಕ್ಯಾನ್ ಚಿತ್ರ ನೋಡುವ ಡಾಕ್ಟರು. "ನಾನಂತೂ ಬೆಳಗ್ಗೆಯಿಂದ ಹಾಗೇ ನೋಡ್ತಾ ಕೂತಿದ್ದೀನಿ."

ಕಿಟಕಿಗೆ ದಪ್ಪ ಬಟ್ಟೆ ಎಳೆದ ಕೋಣೆ. ಎದುರಿನ ದೊಡ್ಡ ಸ್ಕ್ರೀನಿನ ಮೇಲೆ ಒಂದು ಮೊಣಕಾಲು ಬೆಳಗುತ್ತಿತ್ತು. ಮೇಲೊಂದು ಮೂಳೆ, ಕೆಳಗೊಂದು ಮೂಳೆ, ನಡುವೆ ಬೂದುಬಣ್ಣದ ಗೆರೆ. ಗೆರೆ ಎನ್ನುವುದೂ ಹೆಚ್ಚಾಯಿತು. ಅಲ್ಲಲ್ಲಿ ಇತ್ತು, ಅಲ್ಲಲ್ಲಿ ಇರಲಿಲ್ಲ.

"ಇದು ಸೂಜಿ ಕೊಡೋ ಮುಂಚೆ ತೆಗೆದದ್ದು. ಬೂದು ಕಾಣುತ್ತಲ್ಲ, ಅದೇ ಮೃದ್ವಸ್ಥಿ. ಮೂಳೆಗೂ ಮೂಳೆಗೂ ಮಧ್ಯೆ ಹಾಸಿರೋ ಮೆತ್ತೆ. ಅದಕ್ಕೆ ರಕ್ತನಾಳ ಇಲ್ಲ, ನರ ಇಲ್ಲ. ನಾವು ನಡೆದಾಗ ಕೀಲಿನ ನೀರು ಅದರೊಳಗೆ ಹೋಗಿ ಬರುತ್ತಲ್ಲ, ಅಷ್ಟೇ ಅದರ ಊಟ. ಒಂದ್ಸಲ ಸವೆದ್ರೆ ಮುಗೀತು, ಮತ್ತೆ ಹುಟ್ಟಲ್ಲ. ಹಾಗಂತಲೇ ನಾವು ಓದಿದ್ದು, ಹಾಗಂತಲೇ ಮಕ್ಕಳಿಗೆ ಪಾಠ ಹೇಳಿದ್ದು."

ಡಾಕ್ಟರು ಗುಂಡಿ ಒತ್ತಿದರು. ಅದೇ ಮೊಣಕಾಲಿನ ಇನ್ನೊಂದು ಚಿತ್ರ ಬಂತು.

ಗೆರೆ ದಪ್ಪವಾಗಿತ್ತು. ಈ ತುದಿಯಿಂದ ಆ ತುದಿಯವರೆಗೆ ಎಲ್ಲೂ ಕಡಿಯದೆ, ಚಳಿಗಾಲಕ್ಕೆಂದು ಹೊಸದಾಗಿ ಹೊಲಿಸಿದ ಹೊದಿಕೆಯ ಹಾಗೆ ಎರಡು ಮೂಳೆಗಳ ನಡುವೆ ಹಾಯಾಗಿ ಮಲಗಿತ್ತು.

ತನಿಖೆಯಮ್ಮ ಕುರ್ಚಿಯಿಂದ ಎದ್ದು ಸ್ಕ್ರೀನಿನ ಹತ್ತಿರ ಹೋದಳು. ಆ ಸಂಶೋಧನಾ ಸಂಸ್ಥೆಯಲ್ಲಿ ಅವಳಿಗೆ ಬಿದ್ದ ಹೆಸರು ಅದು. ವಿಮಾ ಕಂಪನಿಯಲ್ಲಿದ್ದಾಗ ಪರಿಹಾರಕ್ಕಾಗಿ ಸುಳ್ಳುಸುಳ್ಳೇ ಕುಂಟುವವರನ್ನು ಹಿಡಿದುಕೊಡುವುದೇ ಅವಳ ಉದ್ಯೋಗವಾಗಿತ್ತು. ಈಗ ಸ್ವಂತ ಪತ್ತೇದಾರಿಕೆ. ಮನುಷ್ಯರ ಮುಖಕ್ಕಿಂತ ಕಾಲು ಅವಳಿಗೆ ಬೇಗ ನೆನಪಾಗುತ್ತದೆ ಎಂದು ಅಕ್ಕ ಸದಾ ಗೇಲಿ ಮಾಡುತ್ತಿದ್ದಳು.

ಮೊಣಕಾಲು ಸವೆತಕ್ಕೆ ಕಂಡುಹಿಡಿದ ಹೊಸ ಮದ್ದು ಅಂಟಂಟು, ಆದರೆ ಅದರ ಬಾಟಲಿಯ ಬಾಯಲ್ಲಿ ಅಂಟಿನ ಬದಲು ಉಪ್ಪಿನ ಹರಳು ಕಂಡಿತ್ತು. ಎಲ್ಲರೆದುರೇ ಕಂಡದ್ದರಿಂದ ಮುಚ್ಚಿಡಲಾಗದೆ ಸಂಸ್ಥೆಯ ಯಜಮಾನರು ಅವಳನ್ನು ಕರೆಸಿದ್ದರು. ಯಾರೋ ಮದ್ದು ಕದ್ದು ಉಪ್ಪುನೀರು ತುಂಬಿಟ್ಟಿದ್ದರು. ಯಾವಾಗಿನಿಂದ ಎನ್ನುವುದು ಯಾರಿಗೂ ಗೊತ್ತಿರಲಿಲ್ಲ.

"ಯಾರ ಕಾಲು ಇದು?"

"ನನಗೆ ಹೇಳಲ್ಲ. ಬರೀ ನಂಬರು. ಪರೀಕ್ಷೆಯಲ್ಲಿ ಅರ್ಧ ಜನಕ್ಕೆ ಮದ್ದು, ಇನ್ನರ್ಧಕ್ಕೆ ಹೋಲಿಸಿ ನೋಡೋಕೆ ಬರೀ ಉಪ್ಪುನೀರು. ಯಾರಿಗೆ ಯಾವುದು, ಅದನ್ನೂ ಹೇಳಲ್ಲ. ಯಾವ ಕಾಲಿಗೆ ಚುಚ್ಚಿದ್ರು ಅಂತ ಕೂಡ ಹೇಳಲ್ಲ. ಎರಡೂ ಕಾಲಿನ ಚಿತ್ರ ಕೊಟ್ಟು ನೋಡು ಅಂತಾರೆ. ಗೊತ್ತಿದ್ರೆ ಕಣ್ಣು ಸುಳ್ಳು ಹೇಳುತ್ತೆ ಅಂತ." ಅವರು ಮತ್ತೆ ಸ್ಕ್ರೀನಿನ ಕಡೆ ತಿರುಗಿದರು. "ಈ ಕೆಲಸಕ್ಕೆ ಬಂದಾಗ ಕೂದಲು ಕಪ್ಪಿತ್ತು. ಸವೆದ ಮೊಣಕಾಲು ಬಿಟ್ಟು ಇನ್ನೇನೂ ನೋಡಿರಲಿಲ್ಲ. ಇವತ್ತು ಬೆಳಗ್ಗೆ ಇದನ್ನ ನೋಡಿ ಒಬ್ಬನೇ ಕೂತು ಅತ್ತುಬಿಟ್ಟೆ."

ತನಿಖೆಯಮ್ಮನೂ ಚಿತ್ರದಿಂದ ಕಣ್ಣು ಕೀಳಲಿಲ್ಲ. ಆದರೆ ಕಾರಣ ಬೇರೆ. ಆ ಕಾಲು ಅವಳಿಗೆ ಗೊತ್ತಿತ್ತು.

ಕೆಳಗಿನ ಮೂಳೆಯಲ್ಲಿ ಓರೆಯಾಗಿ ಒಂದು ಹಳೆಯ ಬಿರುಕಿನ ಗುರುತು, ಕೂಡಿಕೊಂಡ ಕಡೆ ಸ್ವಲ್ಪ ಉಬ್ಬು. ಗೋಡೆಬರಹ ಬರೆಯುವ ಅಕ್ಕ ಹಿಂದೊಮ್ಮೆ ಏಣಿಯಿಂದ ಬಿದ್ದಾಗ ಅವಳನ್ನು ಆಸ್ಪತ್ರೆಗೆ ಹೊತ್ತೊಯ್ದದ್ದು ಇವಳೇ. ಬಸ್ಸಿನ ಕಿಟಕಿಯ ಬೆಳಕಿಗೆ ಎಕ್ಸ್-ರೇ ಹಿಡಿದು ಆ ಬಿರುಕನ್ನು ದಾರಿಯುದ್ದಕ್ಕೂ ನೋಡಿಕೊಂಡು ಬಂದಿದ್ದಳು. ಅದು ಅಕ್ಕನ ಬಲಗಾಲು.

ಅಮ್ಮ ಹೋದ ಮೇಲೆ ಅಮ್ಮನ ಜಾಗದಲ್ಲಿ ನಿಂತು ಬೆಳೆಸಿದ ಅಕ್ಕ. ಎರಡೂ ಮೊಣಕಾಲು ಸವೆದು, ಗೋಡೆಯ ಮೇಲಿನ ಸಾಲುಗಳನ್ನು ಹೇಗೋ ಏಣಿ ಹತ್ತಿ ಬರೆದರೂ ಕೆಳಗಿನ ಸಾಲಿಗೆ ಕುಕ್ಕರಗಾಲಲ್ಲಿ ಕೂರಲಾಗುತ್ತಿರಲಿಲ್ಲ. ಡಬ್ಬದ ಮೇಲೆ ಕುಳಿತು, ಕಾಲು ಚಾಚಿ, ಪಕ್ಕಕ್ಕೆ ವಾಲಿ ಬರೆಯುತ್ತಿದ್ದಳು. ಹಾಗಾಗಿ ಊರಿನ ಗೋಡೆಗಳ ಮೇಲೆಲ್ಲ ಅವಳ ಕೆಳಗಿನ ಸಾಲು ಸೊಟ್ಟ. ಕೊನೆಗೆ ಬೇಸತ್ತು ಈ ಪರೀಕ್ಷೆಗೆ ಹೆಸರು ಕೊಟ್ಟಿದ್ದಳು.

"ಹಾಗಾದ್ರೆ ಮದ್ದು ಕೆಲಸ ಮಾಡುತ್ತೆ," ಎಂದಳು ತನಿಖೆಯಮ್ಮ.

"ಅಗತ್ಯಕ್ಕಿಂತ ಜಾಸ್ತಿ ಮಾಡಿದೆ." ಡಾಕ್ಟರ ಮುಖದ ಬೆಳಕು ಸ್ವಲ್ಪ ಕುಂದಿತು. "ಬಾಟಲಿಯಲ್ಲಿರೋ ಗಟ್ಟಿ ಮದ್ದನ್ನ ಮನುಷ್ಯರಿಗೆ ಅಂತ ನಾವು ತೆಳುಮಾಡ್ತೀವಿ, ಹಾಗೆ ತೆಳುಮಾಡಿದ್ದರಿಂದ ಇಷ್ಟು ಬೆಳೆಯೋ ಹಾಗಿಲ್ಲ. ಇಷ್ಟು ಬೆಳೆದದ್ದು ನಾನು ನೋಡಿದ್ದು ಮೊಲಗಳಲ್ಲಿ ಮಾತ್ರ. ಅವಕ್ಕೆ ಕೊಟ್ಟಿದ್ದು ಗಟ್ಟಿ ಮದ್ದು."

"ಆ ಮೊಲಗಳು ಏನಾದವು?"

"ಮೊದಲ ಸೂಜಿಗೆ ಕುಪ್ಪಳಿಸಿದವು. ಎರಡನೇ ಸೂಜಿ ಬಿದ್ದಮೇಲೆ ಕೀಲು ಬಿಸಿಯಾಯ್ತು. ಆಮೇಲೆ ಬೆಳವಣಿಗೆ ನಿಲ್ಲಲೇ ಇಲ್ಲ. ಕೀಲು ತುಂಬಿ, ಗಟ್ಟಿಯಾಗಿ, ಕಾಲು ಕೊರಡಾಯ್ತು." ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನಾಳೆ ಬೆಳಗ್ಗೆ ಎಲ್ಲರಿಗೂ ಎರಡನೇ ಸೂಜಿ. ಈ ನಂಬರಿಗೆ ಮಾತ್ರ ಕೊಡಬೇಡಿ ಅಂತ ಯಜಮಾನರಿಗೆ ಆಗಲೇ ಹೇಳಿದೆ. ನೋಡೋಣ ಅಂದ್ರು."

ನಾಳೆ ಬೆಳಗ್ಗೆ. ಅಷ್ಟರಲ್ಲಿ ಅಕ್ಕನ ಮೊಣಕಾಲಿನೊಳಗೆ ಹೋದದ್ದು ಏನು, ಕೊಟ್ಟವರು ಯಾರು ಎಂದು ತಿಳಿಯಬೇಕಿತ್ತು. ಅಕ್ಕನ ಹೆಸರನ್ನು ನಾಲಿಗೆಯ ತುದಿಯಲ್ಲೇ ತಡೆದುಕೊಂಡು ತನಿಖೆಯಮ್ಮ ಹೊರಬಂದಳು.

ಕಾರಿಡಾರಿನಲ್ಲಿ ಟಕ್ ಟಕ್ ಎಂಬ ಸದ್ದು ಕೇಳಿತು, ಆಮೇಲೆ ಯಜಮಾನರು ಕಂಡರು. ಎತ್ತರದ ಆಳು, ಬಾಗಿದ ಬೆನ್ನು, ಕೈಯಲ್ಲಿ ಕೋಲು. ಹಿಡಿಕೆಗೆ ಹಸಿರು ಟೇಪು ಸುತ್ತಿದ ಆ ಕೋಲು ಅವರಿಗಿಂತ ಮೊದಲು ಎಲ್ಲ ಕಡೆಗೂ ತಲುಪುತ್ತಿತ್ತು.

"ಏನಮ್ಮ, ಕಳ್ಳ ಸಿಕ್ಕಿದನಾ?"

"ಮದ್ದಿಡೋ ತಣ್ಣನೆ ಅಲಮಾರಿಯ ಬೀಗದಕೈ ಮೂವರ ಹತ್ರ ಇದೆ. ರೋಗಿಗಳ ನಡಿಗೆ ಅಳೆಯೋ ಮಾಸ್ತರು, ಸೂಜಿ ಚುಚ್ಚೋ ಡಾಕ್ಟರು, ಮತ್ತೆ ನೀವು."

"ನನ್ನನ್ನೂ ಸೇರಿಸಿದ್ರಾ? ಈ ಕಾಲಿಟ್ಕೊಂಡು ನಾನು ಕದ್ದು ಓಡಿದ್ರೆ ನೀವು ಕೂತಲ್ಲಿಂದಲೇ ಹಿಡೀಬಹುದು." ಅವರು ನಕ್ಕರು. "ನನ್ನ ಮೊಣಕಾಲು ಈ ಸಂಸ್ಥೆಗಿಂತ ಹಳೇದು. ಇದರ ಕಾಟ ತಡೀಲಾರದೆ ಅಲ್ವಾ ಈ ಮದ್ದಿನ ಬೆನ್ನು ಹತ್ತಿದ್ದು."

ಅಭ್ಯಾಸಬಲದಿಂದ ತನಿಖೆಯಮ್ಮನ ಕಣ್ಣು ಕೋಲಿನ ತುದಿಗೆ ಇಳಿಯಿತು. ಅಡಿಯ ರಬ್ಬರು ಒಂದೇ ಬದಿಗೆ ಸವೆದು ಓರೆಯಾಗಿತ್ತು. ನಾಟಕದ ಕುಂಟರ ಕೋಲು ಹಾಗೆ ಸವೆಯುವುದಿಲ್ಲ. ದಿನವೂ ಮೈಭಾರ ಹೊತ್ತ ಕೋಲು ಮಾತ್ರ ಸವೆಯುತ್ತದೆ. ನಿಜವಾದ ನೋವು. ಮನಸ್ಸಿನಲ್ಲೇ ಅವರ ಹೆಸರಿನ ಮೇಲೆ ಗೀಟು ಎಳೆದಳು.

"ನಾಳೆಯ ಸೂಜಿ ನಿಲ್ಲಿಸ್ತೀರಾ?"

"ಯೋಚನೆ ಮಾಡ್ತಾ ಇದ್ದೀನಿ," ಎಂದು ಹೇಳಿ ಅವರು ಹಿಂದಿನ ಗೇಟಿನ ಕಡೆ ಟಕ್ ಟಕ್ ಎಂದು ಹೊರಟುಹೋದರು.

ನಡಿಗೆಯ ಹಾಲಿನಲ್ಲಿ ಉದ್ದಕ್ಕೂ ಕಪ್ಪು ಚಾಪೆ ಹಾಸಿತ್ತು. ಅದರ ಮೇಲೆ ಹೆಜ್ಜೆ ಇಟ್ಟರೆ ಪಕ್ಕದ ಸ್ಕ್ರೀನಿನಲ್ಲಿ ಪಾದದ ಗುರುತು ಬಣ್ಣಬಣ್ಣವಾಗಿ ಅರಳುತ್ತಿತ್ತು. ಭಾರ ಬಿದ್ದಲ್ಲಿ ಕೆಂಪು, ಬೀಳದ ಕಡೆ ನೀಲಿ. ನಡಿಗೆ ಮಾಸ್ತರು ಪಕ್ಕದಲ್ಲಿ ನಿಂತು ಒಬ್ಬೊಬ್ಬರನ್ನೇ ನಡೆಸುತ್ತಿದ್ದರು.

ಬ್ರೇಕು ತುಳಿದೂ ತುಳಿದೂ ಮೊಣಕಾಲು ಹಾಳುಮಾಡಿಕೊಂಡ ನಿವೃತ್ತ ಬಸ್ ಡ್ರೈವರು ಗೋಡೆ ಹಿಡಿಯದೆ ನಡೆದು ಬಂದರು. ಅವರ ಹಿಂದೆ ಒಬ್ಬರು ಅತ್ತೆ. ಬೆಂಚಿನ ಮೇಲೆ ಅವರ ಸೊಸೆ.

"ನಮ್ಮತ್ತೆ ಮುಂಚೆ ಅಡುಗೆಮನೆಗೆ ಬರೋಷ್ಟರಲ್ಲಿ ನಾನು ಪಾತ್ರೆ ತೊಳೆದು ಮುಗಿಸ್ತಿದ್ದೆ," ಎಂದಳು ಸೊಸೆ, ತನಿಖೆಯಮ್ಮನ ಕಿವಿಯಲ್ಲಿ. "ಈಗ ಹಾಲು ಉಕ್ಕೋ ಮುಂಚೆ ಬಂದು ನಿಂತಿರ್ತಾರೆ. ಈ ಮದ್ದು ಕಂಡುಹಿಡಿದೋರಿಗೆ ಸೊಸೆ ಇಲ್ಲ ಅನ್ಸುತ್ತೆ."

ಅತ್ತೆ ಚಾಪೆಯ ತುದಿಯಿಂದಲೇ ತಿರುಗಿ ನೋಡಿದರು. ಸೊಸೆ ಬಾಯಿ ಮುಚ್ಚಿಕೊಂಡಳು.

ತನಿಖೆಯಮ್ಮ ಇಲ್ಲಿಗೆ ಅನುಮಾನ ಹೊತ್ತು ಬಂದಿದ್ದಳು. ಬೀಗದಕೈ ಇರುವ ಮಾಸ್ತರೇ ಮದ್ದು ಕದ್ದು, ಅದು ಬಯಲಾಗದಂತೆ ನಡಿಗೆಯ ಅಳತೆಯನ್ನು ತಿದ್ದಿರಬಹುದಲ್ಲ. ಆದರೆ ಕಣ್ಣಾರೆ ಕಂಡದ್ದನ್ನು ಅಲ್ಲಗಳೆಯುವುದು ಹೇಗೆ? ಕುಂಟುವುದನ್ನು ನಟಿಸಬಹುದು. ಕುಂಟದೆ ನಡೆಯುವುದನ್ನು ನಟಿಸಲಾಗದು. ಚಾಪೆಯ ಮೇಲೆ ಬಂದವರಲ್ಲಿ ಹೆಚ್ಚುಕಡಿಮೆ ಎಲ್ಲರ ಹೆಜ್ಜೆಯೂ ನಿಜವಾಗಿ ಹಗುರಾಗಿತ್ತು.

"ಇವರಲ್ಲಿ ಅರ್ಧ ಜನಕ್ಕೆ ಬರೀ ಉಪ್ಪುನೀರು ತಾನೇ?"

"ಲೆಕ್ಕದ ಪ್ರಕಾರ ಹೌದು. ಯಾರಿಗೆ ಅಂತ ನನಗೆ ಗೊತ್ತಿಲ್ಲ."

"ಮತ್ತೆ ಎಲ್ಲರೂ ಯಾಕೆ ಚೆನ್ನಾಗಿ ನಡೀತಾರೆ?"

ಮಾಸ್ತರು ಕೈ ಚೆಲ್ಲಿದರು. "ಮೊಣಕಾಲಿನ ಮದ್ದು ಹುಡುಕೋರಿಗೆಲ್ಲ ಇದೊಂದು ಹಳೇ ತಲೆನೋವು. ಒಬ್ಬರು ಪ್ರೀತಿಯಿಂದ ಕೂರಿಸಿ, ಕಾಲು ಮುಟ್ಟಿ ನೋಡಿ, ಸೂಜಿ ಕೊಟ್ಟು, ಹೇಗಿದೆ ಅಂತ ಮತ್ತೆ ಮತ್ತೆ ಕೇಳಿದ್ರೆ ಅರ್ಧ ನೋವು ಅಲ್ಲೇ ಇಳಿಯುತ್ತೆ. ಸುಳ್ಳಲ್ಲ ಅದು, ನಿಜವಾಗಿ ಇಳಿಯುತ್ತೆ. ಮನಸ್ಸು ನೋವನ್ನ ತಗ್ಗಿಸುತ್ತೆ. ಆದ್ರೆ ಮೃದ್ವಸ್ಥಿ ಬೆಳೆಸೋ ತಾಕತ್ತು ಮನಸ್ಸಿಗಿಲ್ಲ."

"ಯಾರಿಗೆ ಏನು ಹೋಯ್ತು ಅಂತ ಗೊತ್ತಿರೋರು ಒಬ್ಬರೂ ಇಲ್ವಾ?"

"ಕಾಗದದ ಮೇಲೆ ಇಲ್ಲ." ಮಾಸ್ತರು ಕಾರಿಡಾರಿನ ಕೊನೆಯ ಬಾಗಿಲ ಕಡೆ ನೋಡಿದರು. "ಮದ್ದು ಅಂಟಂಟು, ಸಿರಿಂಜಿನಿಂದ ನಿಧಾನಕ್ಕೆ ಇಳಿಯುತ್ತೆ. ನೀರು ಸರ್ರಂತ ಹೋಗುತ್ತೆ. ಸಿರಿಂಜಿಗೆ ಕಪ್ಪು ಪಟ್ಟಿ ಸುತ್ತಿ ಕಣ್ಣಿಂದ ಮುಚ್ಚಿಡಬಹುದು. ಒತ್ತೋ ಹೆಬ್ಬೆರಳಿಂದ ಮುಚ್ಚಿಡೋದು ಹೇಗೆ?"

ಚುಚ್ಚುವ ಡಾಕ್ಟರನ್ನು ಎಲ್ಲರೂ ಮೌನಿ ಎಂದೇ ಕರೆಯುತ್ತಿದ್ದರು. ಮನೆಯಲ್ಲಿ, ಕ್ಯಾಂಟೀನಿನಲ್ಲಿ ಆಕೆ ಹರಟೆಮಲ್ಲಿಯಂತೆ. ಚುಚ್ಚುವ ಕೋಣೆಗೆ ಕಾಲಿಟ್ಟರೆ ಮಾತ್ರ ಬಾಯಿಗೆ ಬೀಗ. ಅದು ಅಲ್ಲಿಯ ನಿಯಮ. ರೋಗಿ ಮೇಜಿನ ಮೇಲೆ ಮಲಗಬೇಕು. ಸೊಂಟದ ಹತ್ತಿರ ಬಿಳಿಯ ತೆರೆ ಇಳಿಯುತ್ತದೆ. ಆಮೇಲೆ ಮೌನಿ ಬರಬೇಕು, ಚುಚ್ಚಬೇಕು, ತೆರೆ ಏಳುವ ಮೊದಲೇ ಹೋಗಿಬಿಡಬೇಕು. ಹೆಬ್ಬೆರಳಿಗೆ ಗೊತ್ತಾದದ್ದು ದನಿಯಲ್ಲೋ ಮುಖದಲ್ಲೋ ಇಣುಕಿದರೆ ಇಡೀ ಪರೀಕ್ಷೆಯೇ ಕೆಟ್ಟಂತೆ. ರೋಗಿಗಳು ಯಾರೂ ಆಕೆಯ ಮುಖ ಕಂಡಿರಲಿಲ್ಲ, ದನಿ ಕೇಳಿರಲಿಲ್ಲ.

ತನಿಖೆಯಮ್ಮ ರೋಗಿಯ ಹಾಗೆ ಆ ಮೇಜಿನ ಮೇಲೆ ಮಲಗಿ, ತೆರೆಯನ್ನು ತಾನೇ ಇಳಿಸಿಕೊಂಡು ಕಾದಳು. ನೇರ ಕೇಳಿದರೆ ಆಕೆ ಬಾಯಿ ಬಿಡುವುದಿಲ್ಲ ಎಂದು ಎಲ್ಲರೂ ಹೇಳಿದ್ದರು.

ಬಾಗಿಲು ತೆರೆದ ಸದ್ದು. ಕೈ ತೊಳೆದ ಸದ್ದು. ಹತ್ತಿಯ ತಣ್ಣನೆ ಸ್ಪರ್ಶ ಮೊಣಕಾಲಿಗೆ ತಾಗಿತು.

"ಸೂಜಿ ಬೇಡ ಡಾಕ್ಟರೇ. ನಾನು ರೋಗಿ ಅಲ್ಲ, ತನಿಖೆಯವಳು."

ಹತ್ತಿ ಸರಕ್ಕನೆ ಹಿಂದೆ ಹೋಯಿತು. ಹೆಜ್ಜೆಗಳು ಬಾಗಿಲ ಕಡೆ ತಿರುಗಿದವು.

"ಹೋಗಬೇಡಿ. ನಾಳೆ ಇನ್ನೊಂದು ಸೂಜಿ ಬಿದ್ರೆ ಒಬ್ಬಳ ಕಾಲು ಕೊರಡಾಗುತ್ತೆ. ನಿಮ್ಮ ಅಲಮಾರಿಯ ಬಾಟಲಿಗೆ ಉಪ್ಪುನೀರು ಯಾವಾಗ ಬಂತು ಅಂತ ಗೊತ್ತಿರೋದು ನಿಮಗೊಬ್ಬರಿಗೇ."

ಹೆಜ್ಜೆ ನಿಂತಿತು.

ತನಿಖೆಯಮ್ಮ ತೆರೆಯ ಕೆಳಗಿನಿಂದ ಕೈ ಚಾಚಿ ಅಂಗೈ ಮೇಲೆ ಮಾಡಿದಳು. "ಮಾತಾಡಿದ್ರೆ ತಾನೇ ನಿಯಮ ಮುರಿಯೋದು? ಮಾತಾಡಬೇಡಿ. ಮೊದಲನೇ ರೋಗಿಗೆ ಎಷ್ಟು ಜೋರಾಗಿ ಒತ್ತಬೇಕಾಯ್ತೋ ನನ್ನ ಕೈ ಮೇಲೆ ಅಷ್ಟೇ ಒತ್ತಿ. ಆಮೇಲೆ ಎರಡನೆಯವರದ್ದು. ನೆನಪಿರೋಷ್ಟು."

ಹೊರಗೆ ಯಾರೋ ತಳ್ಳುಗಾಡಿ ತಳ್ಳಿಕೊಂಡು ಹೋದರು. ಅದರ ಒಂದು ಚಕ್ರ ಕಿರುಗುಟ್ಟುತ್ತಿತ್ತು.

ಆಮೇಲೆ ಒಂದು ಹೆಬ್ಬೆರಳು ಅವಳ ಅಂಗೈ ಮೇಲೆ ಬಂದು ಕುಳಿತಿತು. ಹಗುರಾಗಿ ಒತ್ತಿತು.

ಎದ್ದಿತು. ಮತ್ತೆ ಒತ್ತಿತು. ಹಗುರ.

ಮತ್ತೆ. ಹಗುರ.

ಗಟ್ಟಿ ಒತ್ತು ಈಗ ಬರುತ್ತದೆ, ಈಗ ಬರುತ್ತದೆ ಎಂದು ತನಿಖೆಯಮ್ಮ ಕಾದಳು. ಅರ್ಧ ಜನಕ್ಕಾದರೂ ಬರಬೇಕಲ್ಲ. ಹೆಬ್ಬೆರಳು ಎದ್ದು ಕೂರುತ್ತಲೇ ಇತ್ತು, ಒಂದೊಂದು ಸಲವೂ ಒಬ್ಬೊಬ್ಬ ಮನುಷ್ಯ, ಒಬ್ಬೊಬ್ಬರ ಸವೆದ ಮೊಣಕಾಲು. ಎಲ್ಲವೂ ಹಗುರ.

ತನಿಖೆಯಮ್ಮನಿಗೆ ಈಗ ಅರ್ಥವಾಯಿತು. ಗೋಡೆ ಬಿಟ್ಟು ನಡೆದ ಡ್ರೈವರು, ಹಾಲು ಉಕ್ಕುವ ಮೊದಲೇ ಒಲೆ ಮುಟ್ಟಿದ ಅತ್ತೆ, ಆ ಚಾಪೆಯ ಮೇಲೆ ಅರಳಿದ ಅಷ್ಟೂ ಹೆಜ್ಜೆಗಳು ಬರೀ ಉಪ್ಪುನೀರಿನ ಮೇಲೆ ನಡೆದಿದ್ದವು. ಮನುಷ್ಯನ ಮೈಯೊಳಗೆ ಇಂಥದ್ದೂ ಒಂದು ಮದ್ದಿನ ಮನೆ ಇದೆ ಎಂದು ಅವಳಿಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ನೋವನ್ನು ನಟಿಸುವವರನ್ನೇ ನೋಡಿ ನೋಡಿ ಅವಳ ಕಣ್ಣು ಒಂದೇ ಕಡೆಗೆ ವಾಲಿಕೊಂಡಿತ್ತು.

"ಎಲ್ಲವೂ ನೀರು," ಎಂದಿತು ತೆರೆಯ ಆಚೆಯ ದನಿ. ತೆಳುವಾದ, ದಣಿದ ದನಿ. "ಮೊದಲನೇ ದಿನದಿಂದಲೂ. ಒಂದೇ ಒಂದು ಸಿರಿಂಜೂ ಭಾರ ಇರಲಿಲ್ಲ."

"ಮತ್ತೆ ಇಷ್ಟು ದಿನ ಸುಮ್ಮನಿದ್ರಲ್ಲ?"

"ಹೆಬ್ಬೆರಳಿಗೆ ಗೊತ್ತಾದದ್ದನ್ನ ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದ್ದೆ. ಯಾರಿಗೂ ಅಂದ್ರೆ ಯಜಮಾನರಿಗೂ. ಮೊದಮೊದಲು ನೀರಿನ ಸರದಿಯೇ ಬರ್ತಿದೆಯೇನೋ ಅಂದ್ಕೊಂಡೆ. ಆಮೇಲೆ ನನ್ನ ಬೆರಳಿನ ಮೇಲೇ ಅನುಮಾನ ಬಂತು. ಆಮೇಲೆ..." ದನಿ ತಡವರಿಸಿತು. "ಆಮೇಲೆ ಜನ ನಡೆಯೋಕೆ ಶುರು ಮಾಡಿದ್ರು. ನೀರು ಕುಡಿದ ಮೊಣಕಾಲುಗಳು ನನ್ನ ಕಣ್ಣೆದುರೇ ನಡೆದು ಹೋಗ್ತಾ ಇದ್ವು. ನಾನು ಬಾಯಿ ತೆಗೆದ್ರೆ ಅವರೆಲ್ಲ ಅಲ್ಲೇ ಕುಸಿದು ಕೂರ್ತಾರೆ ಅಂತ ಹೆದರಿಕೆ ಆಯ್ತು."

ತನಿಖೆಯಮ್ಮನಿಗೆ ಬೈಯಬೇಕೆನಿಸಲಿಲ್ಲ. ತೆರೆ ಎತ್ತಬೇಕೆಂದೂ ಅನಿಸಲಿಲ್ಲ.

"ಎಲ್ಲವೂ ನೀರಾದ್ರೆ ಒಂದು ಚಿತ್ರ ಹೊಂದಲ್ಲ ಡಾಕ್ಟರೇ. ಒಬ್ಬಳ ಕಾಲಲ್ಲಿ ಮೆತ್ತೆ ಬೆಳೆದಿದೆ. ಪಾದದ ಮೇಲೆ ಬಣ್ಣದ ಕಲೆ ಇದ್ದ ಹೆಂಗಸು. ನೆನಪಿದೆಯಾ?"

"ನೀಲಿ ಕಲೆ. ನೆನಪಿದೆ. ಎಷ್ಟು ಉಜ್ಜಿದರೂ ಹೋಗಲಿಲ್ಲ. ಅವರಿಗೂ ನೀರೇ ಹೋಗಿದ್ದು. ಎಡಗಾಲಿಗೆ."

"ಬಲಗಾಲಿಗೆ."

"ಎಡಗಾಲು ಕಣಮ್ಮ. ಚುಚ್ಚೋ ಕಾಲಿಗೆ ಬಾಣದ ಗುರುತು ಹಾಕಿದ್ದು ನಾನೇ. ಬಲಗಾಲನ್ನ ನಾನು ಮುಟ್ಟೇ ಇಲ್ಲ."

ಬಸ್ಸಿನ ಕಿಟಕಿ, ಎಕ್ಸ್-ರೇ, ಓರೆಯಾದ ಬಿರುಕು. ಬಿರುಕಿದ್ದದ್ದು ಬಲಗಾಲಿಗೆ. ಬೆಳೆದದ್ದೂ ಬಲಗಾಲು. ಸಂಸ್ಥೆಯ ಸೂಜಿ ಆ ಕಾಲಿನ ಹತ್ತಿರಕ್ಕೂ ಹೋಗಿರಲಿಲ್ಲ.

ಕದ್ದ ಮದ್ದನ್ನು, ತೆಳುಮಾಡದ ಗಟ್ಟಿ ಮದ್ದನ್ನು, ಯಾರೋ ಬೇರೆಲ್ಲೋ ಅಕ್ಕನಿಗೆ ಕೊಟ್ಟಿದ್ದರು.

ತನಿಖೆಯಮ್ಮ ಮೇಜಿನಿಂದ ಇಳಿದವಳೇ ಅಕ್ಕನನ್ನು ಹುಡುಕಿಕೊಂಡು ಓಡಿದಳು.

ಹಿಂದಿನ ಗೇಟು ದಾಟಿದರೆ ಸಂಸ್ಥೆಯ ಉದ್ದನೆಯ ಕಾಂಪೌಂಡು ಗೋಡೆ. ಅದರ ಮೇಲೆ "ಗಾಡಿ ನಿಲ್ಲಿಸಬಾರದು" ಎಂದು ಬರೆಯುವ ಕೆಲಸ ಅಕ್ಕನಿಗೇ ಸಿಕ್ಕಿತ್ತು. ಗೋಡೆಯ ಕೊನೆಯಲ್ಲಿ ಬಣ್ಣದ ಡಬ್ಬಗಳನ್ನಿಡಲು ಒಂದು ತಗಡಿನ ಶೆಡ್ಡು. ಬರಹದ ಎದುರಿಗೇ ಯಾರೋ ಸ್ಕೂಟರು ನಿಲ್ಲಿಸಿ ಹೋಗಿದ್ದರು.

ಅಕ್ಕ ಏಣಿಯ ಮೇಲಿರಲಿಲ್ಲ. ಗೋಡೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕುಳಿತು ಕೆಳಗಿನ ಸಾಲು ಬರೆಯುತ್ತಿದ್ದಳು.

ತನಿಖೆಯಮ್ಮ ಓಡಿ ಬಂದವಳು ಅಲ್ಲೇ ನಿಂತುಬಿಟ್ಟಳು. ಅಕ್ಕ ಹಾಗೆ ಕುಳಿತದ್ದನ್ನು ನೋಡಿ ಎಷ್ಟು ಕಾಲವಾಗಿತ್ತೋ. ಡಬ್ಬ ಇಲ್ಲ, ಚಾಚಿದ ಕಾಲಿಲ್ಲ. ಭಾರವನ್ನೆಲ್ಲ ಬಲಗಾಲಿನ ಮೇಲೆ ಹಾಕಿ, ಎಡಗಾಲನ್ನು ತುಸು ಮುಂದಿಟ್ಟ ಎಳೆಯ ಹುಡುಗಿಯ ಕೂರುವ ರೀತಿ. ಸಾಲು ನೆಟ್ಟಗಿತ್ತು.

"ಏನೇ, ದೆವ್ವ ಕಂಡೋಳ ಹಾಗೆ ನಿಂತಿದ್ದೀಯ?" ಅಕ್ಕ ಕುಂಚವನ್ನು ಬಾಯಲ್ಲಿ ಕಚ್ಚಿಕೊಂಡು, ಯಾವುದನ್ನೂ ಹಿಡಿಯದೆ ಎದ್ದು ನಿಂತಳು. "ನೋಡಿದ್ಯಾ? ಇನ್ನು ಮೇಲೆ ಯಾರೂ ನನ್ನ ಕೆಳಗಿನ ಸಾಲಿಗೆ ಕೊಂಕು ಹೇಳೋ ಹಾಗಿಲ್ಲ."

"ಅಕ್ಕ, ಸೂಜಿ ನಿನಗೆ ಯಾವ ಕಾಲಿಗೆ ಕೊಟ್ಟಿದ್ದು?"

"ಎರಡಕ್ಕೂ. ಅಲ್ಲಿ ಎಡಗಾಲಿಗೆ. ಆಮೇಲೆ ಇಲ್ಲಿ ಶೆಡ್ಡಿನಲ್ಲಿ ಬಲಗಾಲಿಗೆ."

"ಇಲ್ಲಿ ಯಾರು ಕೊಟ್ರು?"

"ಅವರೇ, ಮಾತಾಡದ ಡಾಕ್ಟರು. ಫೋನಿಗೆ ಮೆಸೇಜು ಬರುತ್ತೆ. ಬೆಂಚಿನ ಮೇಲೆ ಮಲಗಿ, ಹಗ್ಗಕ್ಕೆ ಬೆಡ್‌ಶೀಟು ಹಾಕ್ಕೊಂಡು ತೆರೆ ಮಾಡ್ಕೋಬೇಕು. ಬರ್ತಾರೆ, ಚುಚ್ತಾರೆ, ಹೋಗ್ತಾರೆ. ಅಲ್ಲಿಯ ಹಾಗೇ."

"ಮುಖ ನೋಡಿದ್ಯಾ?"

"ಅಲ್ಲೂ ನೋಡಿಲ್ಲ, ಇಲ್ಲೂ ನೋಡಿಲ್ಲ. ನೋಡಬಾರದು ಅನ್ನೋದೇ ತಾನೇ ನಿಯಮ?"

ಮುಖ ಕಾಣದ ಹಾಗೆ, ದನಿ ಕೇಳದ ಹಾಗೆ ಅಷ್ಟು ನಿಷ್ಠೆಯಿಂದ ನಿಯಮ ಮಾಡಿದವರು ಇದೊಂದನ್ನು ಯೋಚಿಸಿಯೇ ಇರಲಿಲ್ಲ. ಬಾಯಿ ಮುಚ್ಚಿಕೊಂಡು ತೆರೆಯ ಆಚೆ ನಿಂತವರೆಲ್ಲರೂ ಮೌನಿಯೇ.

"ನನಗೆ ಒಂದು ಮಾತು ಹೇಳಬಾರದಿತ್ತಾ?"

"ಸೂಜಿ ವಿಷಯ ಯಾರಿಗೂ ಹೇಳಬಾರದು ಅಂತ ಮೆಸೇಜಿನಲ್ಲೇ ಇತ್ತಲ್ಲ. ಅದರಲ್ಲೂ ನೀನು ತನಿಖೆಗೆ ಅಂತ ಬಂದು ಕೂತಿದ್ದೀಯ, ನಿನಗೇ ಹೇಳೋದಾ? ಆಮೇಲೆ ಅಕ್ಕತಂಗಿಯರು ಸೇರಿ ಪರೀಕ್ಷೆ ಕೆಡಿಸಿದ್ರು ಅಂತ ಆಗೋದು."

"ಅಕ್ಕ, ನನ್ನ ಮಾತು ಕೇಳು. ಅವರು ಮತ್ತೆ ಬಂದ್ರೆ ಎರಡನೇ ಸೂಜಿ ಬೇಡ ಅನ್ನು. ಏನೇ ಆದ್ರೂ ಚುಚ್ಚಿಸ್ಕೋಬೇಡ. ನಾಳೆ ಅಲ್ಲಿಗೂ ಬರಬೇಡ."

ಅಕ್ಕ ನಕ್ಕಳು. "ಎರಡನೇದು ಈಗ ತಾನೇ ಆಯ್ತಲ್ಲ. ನೀನು ಸ್ವಲ್ಪ ಮುಂಚೆ ಬಂದಿದ್ರೆ ದಾರಿಯಲ್ಲೇ ಸಿಗ್ತಿದ್ರು."

ಈಗ ತಾನೇ. ಆ ಹೊತ್ತಿಗೆ ನಿಜವಾದ ಮೌನಿಯ ಹೆಬ್ಬೆರಳು ಇವಳ ಅಂಗೈ ಮೇಲಿತ್ತು.

ತನಿಖೆಯಮ್ಮ ಶೆಡ್ಡಿಗೆ ನುಗ್ಗಿದಳು. ಬೆಂಚು, ಹಗ್ಗ, ಹಗ್ಗದ ಮೇಲೆ ಹೂವಿನ ಚಿತ್ರದ ಬೆಡ್‌ಶೀಟು. ಗಾಳಿಯಲ್ಲಿ ಇನ್ನೂ ಸ್ಪಿರಿಟ್ಟಿನ ವಾಸನೆ. ಬಾಗಿಲ ಹಿಂದೆ ಬಣ್ಣದ ಡಬ್ಬಗಳ ಪಕ್ಕದಲ್ಲಿ ಒಂದು ಕೋಲು ಗೋಡೆಗೆ ಒರಗಿ ನಿಂತಿತ್ತು.

ಹಿಡಿಕೆಗೆ ಹಸಿರು ಟೇಪು. ಅಡಿಯ ರಬ್ಬರು ಒಂದೇ ಬದಿಗೆ ಸವೆದು ಓರೆಯಾಗಿತ್ತು.

ಅವಳು ಅದನ್ನು ಮುಟ್ಟಲಿಲ್ಲ. ಮೊಣಕಾಲು ನೋಯುವವರು ಕನ್ನಡಕ ಮರೆಯುತ್ತಾರೆ, ಕೊಡೆ ಮರೆಯುತ್ತಾರೆ, ಹೆಂಡತಿಯ ಮಾತನ್ನೂ ಮರೆಯುತ್ತಾರೆ. ಕೋಲನ್ನು ಮಾತ್ರ ಮರೆಯುವುದಿಲ್ಲ. ಮರೆತರೆ ಮುಂದಿನ ಹೆಜ್ಜೆಯೇ ನೆನಪಿಸುತ್ತದೆ. ಇದನ್ನು ಇಲ್ಲಿ ಬಿಟ್ಟವರಿಗೆ ಮುಂದಿನ ಹೆಜ್ಜೆ ಏನನ್ನೂ ನೆನಪಿಸಿರಲಿಲ್ಲ. ಅವರು ಸುಮ್ಮನೆ ನಡೆದು ಹೋಗಿದ್ದರು.

ಗಟ್ಟಿ ಮದ್ದನ್ನು ಮೊದಲು ಅಕ್ಕನ ಮೇಲೆ ಪರೀಕ್ಷಿಸಿ, ಯಜಮಾನರು ಆಮೇಲೆ ತಮ್ಮ ಕಾಲಿಗೂ ಚುಚ್ಚಿಕೊಂಡಿದ್ದರು. ಟಕ್ ಟಕ್ ಎನ್ನುತ್ತಿದ್ದದ್ದು ಈಚೆಗೆ ಬರೀ ಅಭ್ಯಾಸ. ಒಂದು ಕಾಲದ ನಿಜವಾದ ನೋವು ಸವೆಸಿದ ರಬ್ಬರನ್ನು ನೋಡಿ, ಇವತ್ತಿನ ಸುಳ್ಳು ಕುಂಟನ್ನು ತನಿಖೆಯಮ್ಮ ಕೈಯಾರೆ ಬಿಟ್ಟುಕೊಟ್ಟಿದ್ದಳು.

ಸಿಟ್ಟು ಬರಬೇಕಿತ್ತು. ಮೊದಲು ಬಂದದ್ದು ಬೆರಗು. ಇಷ್ಟು ಹಳೆಯ ಕಾಲೊಂದು ಕೋಲನ್ನು ಮರೆಯುವಷ್ಟು ಹೊಸದಾಗಬಹುದೇ ಎಂದು ಅವಳು ಆ ಸವೆದ ರಬ್ಬರನ್ನೇ ನೋಡುತ್ತ ನಿಂತಳು. ಅದರ ಬೆನ್ನಿಗೇ ಮೊಲಗಳು ನೆನಪಾದವು.

"ಬಾರೇ ಇಲ್ಲಿ ಸ್ವಲ್ಪ," ಹೊರಗಿನಿಂದ ಅಕ್ಕ ಕೂಗಿದಳು. ದನಿಯಲ್ಲಿ ಇನ್ನೂ ನಗುವಿತ್ತು. "ನನ್ನ ಬಲ ಮೊಣಕಾಲು ಮುಟ್ಟಿ ನೋಡು. ಯಾಕೋ ಬಿಸಿ ಆಗ್ತಾ ಇದೆ ಕಣೇ. ಮದ್ದು ಕೆಲಸ ಮಾಡ್ತಿದೆ ಅಂತ ತಾನೇ ಅದು?"